ಹಾಸಿಗೆಗಿಂತ ಮೊದಲು ಟ್ರಂಕು: ನನ್ನ ಅನುಭವ

ಮಂಗಳೂರಿನ ದಕ್ಕೆಯಲ್ಲಿ (ಮೀನುಗಾರಿಕಾ ಬಂದರಿನಲ್ಲಿ) ಮೀನಿಳಿಸುವವರು, ಐಸ್ ಒಡೆಯುವವರಲ್ಲಿ ಗದಗ, ಬಾಗಲಕೋಟೆ ಕಡೆಯವರೂ ಇದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಕೂಲಿ ನಿಲ್ಲುವುದೂ ಮಳೆ ಹಿಡಿಯುವುದೂ ಒಟ್ಟಿಗೇ. ಊರಲ್ಲಿ ಮನೆಯೆಂಬುದೇ ಇಲ್ಲದ ಗಂಡಸರು ಆಗ ಅಂಗಡಿ ಜಗಲಿಗಳಲ್ಲಿ ಮಲಗುತ್ತಾರೆ. ಅವರಿಗಾಗಿ ನಮ್ಮ ಕ್ರೈಸ್ತ ಸಭೆ ಚರ್ಚಿನ ಹಿಂದಿನ ಹಾಲ್ ಬಿಟ್ಟುಕೊಟ್ಟಿತು. ನೋಡಿಕೊಳ್ಳುವ ಹೊಣೆ ನನ್ನದಾಯಿತು.

ಮೊದಲ ವರ್ಷ ರಾತ್ರಿ ಒಂಬತ್ತಕ್ಕೆ ಗೇಟಿಗೆ ಬೀಗ, ಬೆಳಿಗ್ಗೆ ಏಳಕ್ಕೆ ಎಲ್ಲರೂ ಹೊರಗೆ ಎಂದು ನಿಯಮ ಮಾಡಿದೆ. ಆಗಸ್ಟಿನಲ್ಲಿ ಬೋಟುಗಳು ಕಡಲಿಗಿಳಿದದ್ದೇ ಹಾಲ್ ಅರ್ಧ ಖಾಲಿ. ಮತ್ತೆ ಜಗಲಿ ಸೇರಿದ್ದ ಒಬ್ಬನನ್ನು ಕೇಳಿದೆ. “ಅಣ್ಣಾರ, ನಸುಕಿನ್ಯಾಗ ಮೂರಕ್ಕ ದಕ್ಕಿಗೆ ಹೋಗಬೇಕ್ರಿ. ದಿನಾ ನಿಮ್ಮನ್ನ ಎಬ್ಬಸೂದು ಹ್ಯಾಂಗ್ರಿ?” ಅಂದ. ಕೆಲಸ ಮುಗಿಸಿ ಬೆಳಿಗ್ಗೆ ಹತ್ತಕ್ಕೆ ನಿದ್ದೆಗೆ ಬಂದರೂ ನಮ್ಮ ಬಾಗಿಲು ಮುಚ್ಚಿರುತ್ತಿತ್ತು. ದುಡಿಯುವವರನ್ನೇ ನಾನು ಹೊರಗೆ ಹಾಕಿದ್ದೆ. ನಗರದ ಆಶ್ರಯಗಳು 24 ಗಂಟೆಯೂ ತೆರೆದಿರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ಏಕೆಂದು ತಿಳಿದದ್ದು ಅವತ್ತು. ಗೇಟಿನ ಬೀಗ ತೆಗೆದು, ಮೂವರು ಸರದಿಯಲ್ಲಿ ರಾತ್ರಿ ಕಾಯತೊಡಗಿದೆವು.

ಬೀಗ ಬೇಕಾದದ್ದು ಬೇರೆ ಕಡೆ. ರಸ್ತೆಬದಿ ಮಲಗಿದವನ ಕೂಲಿ, ಫೋನು, ಆಧಾರ್ ನಿದ್ದೆಯಲ್ಲೇ ಕಳುವಾಗುತ್ತವೆ. ಹಾಗಾಗಿ ಬಂದ ದುಡ್ಡನ್ನು ಅವತ್ತೇ ಖರ್ಚು ಮಾಡುತ್ತಾನೆ. ಅದನ್ನು ದುಂದು ಎನ್ನಲು ನನಗೆ ಮನಸ್ಸು ಬಾರದು. ತಲೆಗೊಂದು ತಗಡಿನ ಟ್ರಂಕು ಕೊಟ್ಟೆವು. ಕೀಲಿಕೈ ಅವರವರ ಉಡಿದಾರದಲ್ಲಿ. ನಕಲು ನಾವು ಇಟ್ಟುಕೊಳ್ಳಲಿಲ್ಲ.

ಆಮೇಲೆ ಆಧಾರ್. ಒಮ್ಮೆ ಮಾಡಿಸಿದ್ದರೆ ಇನ್ನೊಂದು ಸಿಗದು, ಹಳೇ ನಂಬರನ್ನೇ ಹುಡುಕಿಸಬೇಕು. ಐಸು, ಉಪ್ಪುನೀರಿನಲ್ಲಿ ಸವೆದ ಬೆರಳನ್ನು ಯಂತ್ರ ಗುರುತಿಸುತ್ತಿರಲಿಲ್ಲ. ಒಬ್ಬ ಹಿರಿಯರದ್ದು ಕೊನೆಗೆ ಕಣ್ಣಿನ ಪಾಪೆಯ ಸ್ಕ್ಯಾನ್‌ನಲ್ಲಿ ಸಿಕ್ಕಿತು. ಪರದೆ ಮೇಲೆ ಬಂದ ತಮ್ಮ ಹೆಸರು, ತಂದೆಯ ಹೆಸರನ್ನು ಅವರು ನನ್ನಿಂದ ಎರಡು ಸಲ ಓದಿಸಿಕೊಂಡರು. ಮರುವಾರ ಜನಧನ್ ಖಾತೆ ಆಯಿತು.

ಪ್ರಾರ್ಥನೆಗೆ ಬರಲೇಬೇಕೆಂಬ ಷರತ್ತು ಬೇಡವೆಂದು ನಾನು ಹಟ ಹಿಡಿದೆ. ಸಭೆಯ ಹಿರಿಯರು ಒಪ್ಪಿದರು. ಕ್ರೈಸ್ತರಾದ ಮೇಲೆ ಮನೆಯಿಂದ ಹೊರಬಿದ್ದು, ಬಾಸೆಲ್ ಮಿಷನ್ 1865ರಲ್ಲಿ ಇದೇ ಊರಲ್ಲಿ ತೆರೆದ ಹೆಂಚಿನ ಕಾರ್ಖಾನೆಯಲ್ಲಿ ದುಡಿದು ನೆಲೆ ಕಂಡವರ ಮೊಮ್ಮಕ್ಕಳು ಅವರು. ನೆಲೆ ತಪ್ಪುವುದೆಂದರೇನೆಂದು ಅವರಿಗೆ ಹೇಳಿಕೊಡಬೇಕಿರಲಿಲ್ಲ.

ಮೇ ಮುಗಿಯುವುದರೊಳಗೆ ಬಾಡಿಗೆ ಕೋಣೆಯ ಅಡ್ವಾನ್ಸ್ ಕೂಡಿಸುವುದೇ ಹಾಲಿನಲ್ಲಿರುವವರ ಗುರಿ. ಒಬ್ಬರಿಂದ ಆಗದು, ಇಬ್ಬರು ಮೂವರು ಸೇರುತ್ತಾರೆ. ಕುಡಿತಕ್ಕೆ ಬಿದ್ದು ತಿಂಗಳುಗಟ್ಟಲೆ ಕಾಣೆಯಾದವರೂ ಉಂಟು. ತಿರುಗಿ ಬಂದಾಗ ಅವರ ಟ್ರಂಕು ಇದ್ದಲ್ಲೇ ಇತ್ತು.

ಕಣ್ಣಿನ ಸ್ಕ್ಯಾನ್‌ನಲ್ಲಿ ಆಧಾರ್ ಸಿಕ್ಕ ಆ ಹಿರಿಯರು ಕೋಣೆಗೆ ಹೊರಟ ದಿನ ಉಡಿದಾರ ಬಿಚ್ಚಿ ಕೀಲಿಕೈ ನನ್ನ ಕೈಗಿಟ್ಟರು. “ಮಳಿಗಾಲಕ್ಕ ಇದು ಬಿಗೀತೈತ್ರಿ. ಮುಂದ ಬರಾಂವಗ ಒಂದು ಹನಿ ಎಣ್ಣಿ ಬಿಡಾಕ ಹೇಳ್ರಿ” ಅಂದರು.