ಬಣ್ಣವನ್ನು ಮೊದಲು ರಟ್ಟಿಗೆ ಹಚ್ಚಿ ನೋಡಿರಿ
ಚಿಕ್ಕ ಫ್ಲ್ಯಾಟಿಗೆ ಬಣ್ಣ ಆರಿಸುವಾಗ ಅಂಗಡಿಯ ಶೇಡ್ ಕಾರ್ಡನ್ನು ನಂಬುವ ಬದಲು, ಸ್ಯಾಂಪಲ್ ಡಬ್ಬಿ ತಂದು, 2 ಅಡಿ ಅಗಲದ ಬಿಳಿ ರಟ್ಟಿಗೆ ಸುತ್ತ 2 ಇಂಚು ಅಂಚು ಬಿಟ್ಟು ಎರಡು ಕೋಟ್ ಹಚ್ಚಿ, ಒಣಗಿದ ಮೇಲೆ ಅದನ್ನು ಪ್ರತಿ ಗೋಡೆಗೂ ಒರಗಿಸಿ ಬೆಳಿಗ್ಗೆ, ಸಂಜೆ ಹಾಗೂ ರಾತ್ರಿಯ ದೀಪದಲ್ಲಿ ನೋಡಿರಿ. ಬಿಳಿ ಅಂಚು ಹಳೆಯ ಬಣ್ಣವನ್ನು ಹೊಸದರಿಂದ ಬೇರ್ಪಡಿಸುವುದರಿಂದ ಕಣ್ಣು ಮೋಸಹೋಗುವುದಿಲ್ಲ. ಕಾರವಾರದಲ್ಲಿ ಸಮುದ್ರದ ಕಡೆಗೆ, ಅಂದರೆ ಪಶ್ಚಿಮಕ್ಕೆ ಕಿಟಕಿಯಿರುವ ಕೋಣೆಯಲ್ಲಿ ಬೆಳಿಗ್ಗೆ ಸೌಮ್ಯವಾಗಿ ಕಂಡ ತಿಳಿಹಳದಿಯು ಸಂಜೆಯ ಬಿಸಿಲಿಗೆ ಕಿತ್ತಳೆಯತ್ತ ವಾಲುತ್ತದೆ. ಪೇಂಟರನ್ನು ಗೊತ್ತುಮಾಡುವಾಗ ಅದೇ ರಟ್ಟಿನ ಹಿಂಬದಿಯಲ್ಲಿ ಬಣ್ಣದ ಸಂಖ್ಯೆ, ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ತಳದ ಕೋಟ್) ಉಂಟೋ ಇಲ್ಲವೋ, ಎಷ್ಟು ಕೋಟ್, ದರದಲ್ಲಿ ಸಾಮಾನು ಸೇರಿದೆಯೋ ಬರೀ ಕೂಲಿಯೋ ಎಂಬುದನ್ನೂ, ಮುಖ್ಯವಾಗಿ ಚದರಡಿ ಎಂದರೆ ಗೋಡೆಯ ಅಳತೆಯೋ ನೆಲದ ಅಳತೆಯೋ ಎಂಬುದನ್ನೂ (ಹೆಚ್ಚಿನ ತಕರಾರು ಇಲ್ಲಿಯೇ ಹುಟ್ಟುವುದು) ಇಬ್ಬರೂ ಒಪ್ಪಿ ಬರೆದಿಡುವುದು ಒಳ್ಳೆಯದು. ಆದರೆ ತೇವ ಹಿಡಿದ ಗೋಡೆಗೆ ಈ ಉಪಾಯ ನಡೆಯದು, ಏಕೆಂದರೆ ರಟ್ಟಿನ ಮೇಲೆ ಚೆಂದ ಕಂಡ ಬಣ್ಣ ಅಲ್ಲಿ ಗುಳ್ಳೆಯೆದ್ದು ಕಲೆಗಟ್ಟುತ್ತದೆ. ಅನುಮಾನವಿದ್ದರೆ ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಚ್ಚಿ ಗೋಡೆಗೆ ಅಂಟಿಸಿಡಿರಿ. ಮರುದಿನ ಒಳಬದಿಯಲ್ಲಿ ಹನಿ ಕಂಡರೆ ಮೊದಲು ಸೋರಿಕೆಯನ್ನು ಸರಿಪಡಿಸಿ, ಗೋಡೆ ಪೂರ್ತಿ ಒಣಗುವವರೆಗೆ, ಮಳೆಗಾಲವಾದರೆ ಡಿಸೆಂಬರಿನವರೆಗೆ, ಕೆಲಸವನ್ನು ಮುಂದೂಡಿರಿ.