ಅಲ್‌ಹಾಂಬ್ರಾ: ಸಂಜೆಯ ಸ್ಲಾಟ್ ಹಿಡಿದು ಗೆದ್ದ ಲೆಕ್ಕ

ಸ್ಪೇನಿನ ಗ್ರನಾಡಾಕ್ಕೆ ಜನ ಕರೆದೊಯ್ಯುವವರೆಲ್ಲ ಅಲ್‌ಹಾಂಬ್ರಾ ಕೋಟೆಯೊಳಗಿನ ನಸ್ರಿದ್ ಅರಸರ ಅರಮನೆಗೆ ಬೆಳಗಿನ 8.30ರ ಪ್ರವೇಶದ ಸ್ಲಾಟಿಗೇ ಮುಗಿಬೀಳುತ್ತಾರೆ. ನಾನು ಹಿಡಿಯುವುದು ಸಂಜೆ 5.30ರ ಆಸುಪಾಸಿನದು. "ಬಾಗಿಲು ಹಾಕೋ ಹೊತ್ತಲ್ಲಿ ಏನ್ರೀ ತೋರಿಸ್ತೀರಿ?" ಎಂದು ನಕ್ಕವರೇ ಈಗ ಅದೇ ಸ್ಲಾಟ್ ಹುಡುಕುತ್ತಿದ್ದಾರೆ. ಏಪ್ರಿಲ್‌ನಿಂದ ಅಕ್ಟೋಬರ್ ನಡುವಿನ ತನಕ ಕೋಟೆ ರಾತ್ರಿ 8ರವರೆಗೆ ತೆರೆದಿರುತ್ತದೆ. ಚಳಿಗಾಲದಲ್ಲಿ 6ಕ್ಕೇ ಮುಚ್ಚುವುದರಿಂದ ಎಲ್ಲವನ್ನೂ ಎರಡು ಗಂಟೆ ಹಿಂದಕ್ಕೆ ತಳ್ಳಿಕೊಳ್ಳಬೇಕು.

ಗುಟ್ಟು ಇಷ್ಟೇ. ಸಮಯದ ಕಟ್ಟುಪಾಡು ಒಳಹೋಗುವುದಕ್ಕೆ ಮಾತ್ರ, ಅರ್ಧ ಗಂಟೆಯ ಅವಕಾಶ. ತಪ್ಪಿದರೆ ಮುಗಿಯಿತು. ಒಳಗೆ ಸೇರಿದ ಮೇಲೆ ಯಾರೂ ಗಡಿಯಾರ ನೋಡುವುದಿಲ್ಲ, ಆದರೆ ದಾರಿ ಒಮ್ಮುಖ. ಹಾಗಾಗಿ ಆ ಅರ್ಧ ಗಂಟೆಯ ಕೊನೆಯ ಏಳೆಂಟು ನಿಮಿಷದಲ್ಲಿ ನುಗ್ಗಿ, ಕುವಾರ್ಟೊ ದೊರಾದೊ ಅಂಗಳದಲ್ಲಿ ಕಾಲೆಳೆಯುತ್ತ ನಮಗಿಂತ ಮುಂದಿರುವ ಗುಂಪನ್ನು ಹೋಗಗೊಡಬೇಕು. ಕೊಮಾರೆಸ್ ಅಂಗಳದ ಕೊಳದಲ್ಲಿ ಗೋಪುರದ ಪ್ರತಿಬಿಂಬ ಆಗ ತಲೆಗಳಿಲ್ಲದೆ ಸಿಗುತ್ತದೆ. ಸಿಂಹಗಳ ಅಂಗಳದಲ್ಲಿ ಕಾರಂಜಿಯ ಬೋಗುಣಿ ಹತ್ತಿರ ಬಗ್ಗಿ ನೋಡಿ: ಅಂಚಿನ ಸುತ್ತ ಕೊರೆದಿರುವುದು ಆಸ್ಥಾನಕವಿ ಇಬ್ನ್ ಜಮ್ರಾಕ್‌ನ ಕವಿತೆ, ಹರಿಯುವುದು ನೀರೋ ಅಮೃತಶಿಲೆಯೋ ತಿಳಿಯದು ಎನ್ನುವ ಭಾವದ್ದು. ಕೆಳಗೆ 12 ಸಿಂಹ, ಸುತ್ತ 124 ಕಂಬ. ದೋಸ್ ಎರ್ಮಾನಾಸ್ ಕೋಣೆಯಲ್ಲಿ ಎಲ್ಲಿ ನಿಂತರೆ ಮೇಲಿನ ಜೇನುಗೂಡಿನಂಥ ಮುಖರ್ನಸ್ ಚಾವಣಿ ಪೂರ್ತಿ ಕಣ್ಣಿಗೆ ಕೂರುತ್ತದೆ ಎನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಅರಮನೆ ಕೊನೆಗೆ ಬರುವುದರಿಂದ ಉಳಿದದ್ದು ಮೊದಲು. ಇಸಬೆಲ್ ಲಾ ಕತೋಲಿಕಾ ವೃತ್ತದಿಂದ C30 ಬಸ್ ಹತ್ತಿ ಎರಡೂವರೆಗೆ ಮೇಲಿನ ದ್ವಾರ, ಅಲ್ಲಿಂದ ನೇರ ಹೆನೆರಲೀಫೆ ತೋಟ. ಅಲ್ಲಿ ನೀರಿನ ಮೆಟ್ಟಿಲು ಬಿಡಬೇಡಿ: ಪಕ್ಕದ ಕೈಹಿಡಿ ಗೋಡೆಯ ನೆತ್ತಿಯ ಮೇಲೇ ಕಾಲುವೆ ಓಡುತ್ತದೆ, ಪಂಪಿಲ್ಲದೆ. ದಾರೊ ನದಿಯಿಂದ ಸುಮಾರು 6 ಕಿ.ಮೀ. ಇಳಿಜಾರಲ್ಲೇ ತಂದ ನೀರು. ಆಮೇಲೆ ಅಲ್ಕಾಸಾಬಾ, ಅಂದರೆ ಒಳಗಿನ ಹಳೆಯ ಸೈನಿಕ ಕೋಟೆ. ತೋಟಕ್ಕೂ ಕೋಟೆಗೂ ಒಮ್ಮೆ ಮಾತ್ರ ಪ್ರವೇಶ. ಹೊರಬಂದರೆ ಆ ಜಾಗದ ಮಟ್ಟಿಗೆ ಟಿಕೆಟ್ ಸತ್ತಂತೆ. ತೋಟದಿಂದ ಅರಮನೆ ಬಾಗಿಲಿಗೆ ಹಿರಿಯರ ಜೊತೆ ಇಪ್ಪತ್ತೈದು ನಿಮಿಷ ಇಟ್ಟುಕೊಳ್ಳಿ.

ಇನ್ನು ದುಡ್ಡು. ಪೂರ್ತಿ ಟಿಕೆಟ್ ಇಪ್ಪತ್ತು ಯೂರೋ ಚಿಲ್ಲರೆ, 12ರೊಳಗಿನ ಮಕ್ಕಳಿಗೆ ಉಚಿತ, ಆದರೂ ಟಿಕೆಟ್ ತೆಗೆಯಲೇಬೇಕು. ಖಾಲಿಯಾದಾಗ ಒಬ್ಬ ಏಜೆಂಟ್ ಹತ್ತಿರ ಮೂರು ಪಟ್ಟು ತೆತ್ತದ್ದು ಈಗಲೂ ಹೊಟ್ಟೆ ಉರಿಸುತ್ತದೆ. ಆಮೇಲೆ ತಿಳಿಯಿತು: ಹಳೆಯ ಬಡಾವಣೆ ಅಲ್ಬಾಯ್ಸಿನ್‌ನ ಸ್ಮಾರಕಗಳನ್ನೂ ಸೇರಿಸಿದ ದೋಬ್ಲಾ ದೆ ಓರೊ ಟಿಕೆಟ್ ಸ್ವಲ್ಪವೇ ಹೆಚ್ಚಿಗೆ, ಬೇರೆ ಕೋಟಾದಲ್ಲಿ ಆಗಾಗ ಉಳಿದಿರುತ್ತದೆ. ತೋಟ, ಕೋಟೆ ಮಾತ್ರದ ಅಗ್ಗದ ಟಿಕೆಟ್ ಕೊಂಡರೆ ಅರಮನೆ ಇಲ್ಲ. ರಾತ್ರಿ ಭೇಟಿಯನ್ನೂ ಪರೀಕ್ಷಿಸಿದೆ. ಅಂಗಳಗಳು ಸೊಗಸು, ರಾಯಭಾರಿಗಳ ಸಭಾಂಗಣದ ದೇವದಾರು ಚಾವಣಿ ಮಾತ್ರ ಕತ್ತಲಲ್ಲಿ ಮುಳುಗಿಹೋಗುತ್ತದೆ.

ನಮ್ಮವರಿಗೆ ತೊಡಕಾಗುವುದು ಹೆಸರು. ಟಿಕೆಟ್ ಹೆಸರಿನ ಮೇಲೆ, ಮೂಲ ಪಾಸ್‌ಪೋರ್ಟ್ ಕೇಳುತ್ತಾರೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇರುವವರಿಗೆ ಕೊಟ್ಟ ಹೆಸರನ್ನೇ ಎರಡೂ ಕಡೆ ತುಂಬಿಸುತ್ತೇನೆ, ನಂಬರನ್ನು ಮಾತ್ರ ಎರಡೆರಡು ಸಲ ತಾಳೆ ನೋಡುತ್ತೇನೆ. ದೊಡ್ಡ ಬೆನ್ನಚೀಲ, ಟ್ರೈಪಾಡ್ ಹೋಟೆಲಿನಲ್ಲೇ ಇರಲಿ. ಕೊನೆಗೆ ಪಾರ್ತಾಲ್ ತೋಟದ ಕಡೆಯಿಂದ ಹೊರಬಿದ್ದು, ನ್ಯಾಯದ ಬಾಗಿಲು ದಾಟಿ ಗೊಮೆರೆಸ್ ಇಳಿಜಾರು ಹಿಡಿದರೆ ಕಾಲು ಗಂಟೆಯಲ್ಲಿ ಪೇಟೆಯ ಪ್ಲಾಸಾ ನುವೆವಾ ಚೌಕ. ಬಸ್ಸಿನ ಸಾಲಿನಲ್ಲಿ ನಿಲ್ಲುವ ಕೆಲಸವಿಲ್ಲ.