ಎಸಿ ರೂಮಿನ ಚಳಿನಿದ್ದೆ: ಹ್ಯಾಮ್‌ಸ್ಟರ್ ಎಬ್ಬಿಸಿದ ನನ್ನ ಅನುಭವ

"ಎಂತ ಮಾರಾಯಾ, ಸತ್ತ ಇಲಿಗೆ ಶಾಖ ಕೊಡ್ತಾ ಕೂತಿದ್ದೀಯಾ?"

ಪಕ್ಕದ ಮನೆಯ ಅಣ್ಣನ ಈ ಪ್ರಶ್ನೆಗೆ ಉತ್ತರ ಕೊಡಲು ನನಗೆ ಎರಡು ವರ್ಷ ಬೇಕಾಯಿತು. ಕಳೆದ ಜನವರಿಯಲ್ಲಿ ಅವರ ಕಣ್ಣೆದುರೇ ಆ "ಸತ್ತ ಇಲಿ" ಎದ್ದು ಕೂತು ಮುಖ ಒರೆಸಿಕೊಂಡಿತು. ಅಣ್ಣ ಏನೂ ಮಾತಾಡದೆ ಮನೆಗೆ ಹೋದರು. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂದಿದೆ.

ನಾನಿರುವುದು ಉಡುಪಿಯ ಸಂತೆಕಟ್ಟೆ ಕಡೆ. ಏಳೆಂಟು ವರ್ಷದಿಂದ ಇಲಿಯ ಹಾಗಿರುವ ಪುಟ್ಟ ಸಾಕುಪ್ರಾಣಿ ಹ್ಯಾಮ್‌ಸ್ಟರ್ ಸಾಕುತ್ತೇನೆ, ಮರಿ ಮಾರುತ್ತೇನೆ. ಮಣಿಪಾಲದ ಹುಡುಗರು ರಜೆಗೆ ಊರಿಗೆ ಹೋಗುವಾಗ ಪಂಜರ ತಂದು ನನ್ನಲ್ಲಿ ಬಿಡುತ್ತಾರೆ. ಹಾಗಾಗಿ ಯಾರದ್ದಾದರೂ ಹ್ಯಾಮ್‌ಸ್ಟರ್ ತಣ್ಣಗಾದರೆ ಮೊದಲ ಫೋನ್ ನನಗೇ ಬರುವುದು. ಹೆಚ್ಚಿನವರು ಕೇಳುವುದು ಎಲ್ಲಿ ಹೂಳುವುದು ಅಂತ.

ಎಲ್ಲರ ವಾದ ಒಂದೇ: ನಮ್ಮ ಊರಲ್ಲಿ ಚಳಿ ಎಲ್ಲಿ ಉಂಟು? ಸರಿಯೇ. ಜನವರಿಯ ಬೆಳಗಿನ ಜಾವ ಕೂಡ 20 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಆದರೆ ಹೊರಗಿಲ್ಲದ ಚಳಿ ರೂಮಿನೊಳಗೆ ಇದೆ. ಒಮ್ಮೆ ಒಬ್ಬ ಹುಡುಗನ ರೂಮಿಗೆ ಹೋಗಿ ಪಂಜರದೊಳಗೆ ಥರ್ಮಾಮೀಟರ್ ಇಟ್ಟೆ. ಎಸಿ 18 ತೋರಿಸುತ್ತಿತ್ತು, ಪಂಜರದೊಳಗೆ 15. ಟೈಲ್ಸ್ ನೆಲ, ಎಸಿ ಗಾಳಿ ನೇರ ಮೇಲಿಂದ, ಕಿಟಕಿಗೆ ದಪ್ಪ ಪರದೆ, ಕಾಳಿನ ತಟ್ಟೆ ಖಾಲಿ. ಚಳಿ, ಕತ್ತಲೆ, ಹಸಿವು ಮೂರೂ ಒಟ್ಟಾದರೆ ಆ ಪ್ರಾಣಿ ಇನ್ನೇನು ಮಾಡಬೇಕು? ಮೈ ಆರಿಸಿಕೊಂಡು ಮಲಗುತ್ತದೆ. ಇದೇ ಚಳಿನಿದ್ದೆ, ನೋಡಿದರೆ ಸತ್ತ ಹಾಗೆ, ಆದರೆ ಜೀವ ಇರುತ್ತದೆ. ಬೆಂಗಳೂರಿನಿಂದ ರಾತ್ರಿ ಎಸಿ ಬಸ್ಸಿನಲ್ಲಿ ಘಾಟಿ ಇಳಿದು ಬಂದ ಮರಿಗಳದ್ದೂ ಇದೇ ಕಥೆ.

ನಾನು ಕೊಂದವುಗಳ ಲೆಕ್ಕ ಮೊದಲು ಹೇಳುತ್ತೇನೆ.

ಮೊದಲನೆಯದಕ್ಕೆ 60 ವ್ಯಾಟ್ ಬಲ್ಬ್ ಹಾಕಿದೆ, ಕೋಳಿಮರಿಗೆ ಹಾಕುವ ಹಾಗೆ, ಅರ್ಧ ಅಡಿ ಎತ್ತರದಲ್ಲಿ. ಇಪ್ಪತ್ತು ನಿಮಿಷಕ್ಕೆ ಅಲುಗಾಡಿತು. ಗೆದ್ದೆ ಅಂದುಕೊಂಡು ಚಹಾ ಕುಡಿಯಲು ಹೋದೆ. ಬಂದು ನೋಡಿದರೆ ಹೋಗಿತ್ತು. ಹೊರಗಿನ ಚರ್ಮ ಬಿಸಿ, ಹೊಟ್ಟೆ ಇನ್ನೂ ತಣ್ಣಗೆ. ಎರಡನೆಯದಕ್ಕೆ ಹಾಟ್ ವಾಟರ್ ಬ್ಯಾಗ್ ಮೇಲೆ ಒಂದೇ ಪದರ ಕರ್ಚೀಫ್ ಹಾಕಿ ಮಲಗಿಸಿದೆ. ಬದುಕಿತು, ಆದರೆ ಹೊಟ್ಟೆ ಸುಟ್ಟಿತ್ತು. ಡಾಕ್ಟರು, ಮುಲಾಮು ಎಲ್ಲ ಸೇರಿ ಒಂಬೈನೂರೋ ಸಾವಿರವೋ ಆಯಿತು. ತಣ್ಣಗಾದ ಪ್ರಾಣಿಗೆ ಸುಟ್ಟರೂ ಸರಿದುಕೊಳ್ಳಲು ಆಗುವುದಿಲ್ಲ, ಅದು ನನ್ನ ತಲೆಗೇ ಹೋಗಿರಲಿಲ್ಲ.

ಮೂರನೆಯದು ಈಗಲೂ ಬೇಜಾರು. ಒಬ್ಬಳು ಹುಡುಗಿಯ ಹ್ಯಾಮ್‌ಸ್ಟರ್. ಅರೆಬರೆ ಎಚ್ಚರವಿತ್ತು. ಬೇಗ ಶಕ್ತಿ ಬರಲಿ ಅಂತ ಡ್ರಾಪರ್‌ನಲ್ಲಿ ಗ್ಲೂಕೋಸ್ ನೀರು ಬಾಯಿಗೆ ಬಿಟ್ಟೆ. ನುಂಗುವ ಶಕ್ತಿ ಇನ್ನೂ ಬಂದಿರಲಿಲ್ಲ, ನೀರು ಶ್ವಾಸಕ್ಕೆ ಹೋಯಿತು. ಗೊರ ಗೊರ ಅಂತ ಉಸಿರಾಡಿ ಮೂರನೇ ದಿನ ಸತ್ತಿತು. ಆ ಹುಡುಗಿಗೆ ನಿಜ ಹೇಳಿ ಒಂದು ಮರಿ ಸುಮ್ನೆ ಕೊಟ್ಟೆ. ಅವಳು ತೆಗೆದುಕೊಂಡಳು, ಆದರೆ ಆಮೇಲೆ ಫೋನ್ ಮಾಡಲಿಲ್ಲ.

ಬಿಸಿ ವಿಷಯದಲ್ಲಿ ದೊಡ್ಡವರೂ ಎಡವಿದ್ದಾರೆ, ಅದೊಂದು ಸಮಾಧಾನ. 1950ರ ದಶಕದಲ್ಲಿ ಲಂಡನ್ನಿನ ಮಿಲ್ ಹಿಲ್ ಪ್ರಯೋಗಾಲಯದಲ್ಲಿ ಹ್ಯಾಮ್‌ಸ್ಟರ್‌ಗಳನ್ನು ಹೆಪ್ಪುಗಟ್ಟಿಸಿ ಮತ್ತೆ ಎಬ್ಬಿಸುತ್ತಿದ್ದರು. ಕಾಯಿಸಿದ ಚಮಚವನ್ನು ಎದೆಗೆ ಇಡುತ್ತಿದ್ದರಂತೆ. ಪ್ರಾಣಿಗೆ ಸುಡುತ್ತದೆ ಅಂತ ಮರುಗಿದ ಅಲ್ಲಿನ ವಿಜ್ಞಾನಿ ಜೇಮ್ಸ್ ಲವ್‌ಲಾಕ್ ರೇಡಿಯೋ ಅಲೆಯಿಂದ ಒಳಗಿಂದಲೇ ಬಿಸಿ ಮಾಡುವ ಯಂತ್ರ ಕಟ್ಟಿದರು. ಇದನ್ನು ಓದಿ ನಿಮ್ಮ ಅಡುಗೆಮನೆಯ ಮೈಕ್ರೋವೇವ್ ಕಡೆ ನೋಡಬೇಡಿ, ದಯವಿಟ್ಟು.

ಈಗ ನಾನು ಮಾಡುವುದು. ಮೊದಲು ಸತ್ತಿದೆಯಾ ಇಲ್ಲವಾ ನೋಡಬೇಕಲ್ವಾ. ಮೂಗಿನ ಹತ್ತಿರ ಕನ್ನಡಿ ಹಿಡಿಯುವ ಉಪಾಯ ನಮ್ಮ ಕರಾವಳಿಯ ಸೆಕೆಗೆ ಆಗುವುದಿಲ್ಲ. ಎಸಿಯಿಂದ ಹೊರಗೆ ತಂದ ಕನ್ನಡಿ ತನ್ನಷ್ಟಕ್ಕೇ ಮಂಜಾಗುತ್ತದೆ. ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಪಕ್ಕೆ ನೋಡುತ್ತೇನೆ. ಐದು ನಿಮಿಷ, ಕಣ್ಣು ಮಿಟುಕಿಸದೆ. ಉಸಿರು ನಿಮಿಷಕ್ಕೊಂದು ಇರಬಹುದು, ಅದಕ್ಕಿಂತ ಕಡಿಮೆಯೂ ಇರಬಹುದು. ಮೀಸೆ ಸಣ್ಣಗೆ ನಡುಗಿದರೂ ಸಾಕು. ಉಂಡೆಯಾಗಿ ಮುದುಡಿದ್ದು, ಕಾಲು ಮೆಲ್ಲ ಬಿಡಿಸಿದರೆ ಮತ್ತೆ ಒಳಗೆ ಎಳೆದುಕೊಂಡರೆ ಜೀವ ಇದೆ. ಕಟ್ಟಿಗೆಯ ಹಾಗೆ ಸೆಟೆದಿದ್ದರೆ ಆಸೆ ಕಡಿಮೆ. ಸಂಶಯ ಇದ್ದರೆ ಶಾಖ ಕೊಡಿ, ಸತ್ತದ್ದಕ್ಕೆ ಅದರಿಂದ ನಷ್ಟ ಏನೂ ಇಲ್ಲ.

ಮೊದಲ ಕಾಲು ಗಂಟೆ ಬರೀ ಅಂಗೈ. ಎರಡೂ ಕೈಯ ನಡುವೆ ಇಟ್ಟು ಎದೆಗೆ ಒತ್ತಿಕೊಂಡು ಕೂರುವುದು. ಆಮೇಲೆ ಪೆಟ್ಟಿಗೆ. ನನ್ನದು ಮಲ್ಪೆಯಿಂದ ತಂದ ಮೀನಿನ ಥರ್ಮಾಕೋಲ್ ಪೆಟ್ಟಿಗೆ, ನಲವತ್ತೋ ಐವತ್ತೋ ರೂಪಾಯಿ. ಮೂರು ಸಲ ತೊಳೆದರೂ ವಾಸನೆ ಹೋಗಲಿಲ್ಲ. ಶಾಖ ಕೊಡುವ ದಿನ ಕೇರಿಯ ಬೆಕ್ಕುಗಳೆಲ್ಲ ನಮ್ಮ ಜಗಲಿಯಲ್ಲೇ. ಮುಚ್ಚಳಕ್ಕೆ ನಾಲ್ಕು ತೂತು ಬೇಕು. ಶಾಖ ಒಂದು ಬದಿಗೆ ಮಾತ್ರ, ಇನ್ನೊಂದು ಬದಿ ಖಾಲಿ, ಎಚ್ಚರವಾದ ಮೇಲೆ ಬೇಕಾದ ಕಡೆ ಅದೇ ಹೋಗುತ್ತದೆ.

ಶಾಖಕ್ಕೆ ಹದಿನಾಲ್ಕು ನೂರು ಕೊಟ್ಟು ಹೀಟ್ ಮ್ಯಾಟ್ ತರಿಸಿದ್ದೆ. ತೋರಿಸಿದ ಡಿಗ್ರಿ ಒಂದು, ಇದ್ದ ಡಿಗ್ರಿ ಇನ್ನೊಂದು, ಕೈ ಇಟ್ಟರೆ ಸುಡುತ್ತಿತ್ತು. ಬಿಸಿ ಹೆಚ್ಚಾದರೆ ತಾನೇ ಆಫ್ ಮಾಡುವ ಮುನ್ನೂರು ರೂಪಾಯಿಯ ಥರ್ಮೋಸ್ಟಾಟ್ ಬೋರ್ಡ್ ಸೇರಿಸಿದೆ, ಪರವಾಗಿಲ್ಲ ಅನ್ನುವಷ್ಟರಲ್ಲಿ ಮಳೆಗಾಲ ಬಂದು ಕರೆಂಟ್ ಹೋಗಲು ಶುರುವಾಯಿತು. ಕೊನೆಗೆ ಕೈ ಹಿಡಿದದ್ದು ಅಮ್ಮನ ಕುಚ್ಚಲಕ್ಕಿ. ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಹಳೆ ಸಾಕ್ಸ್‌ಗೆ ತುಂಬಿ ಗಂಟು ಹಾಕುವುದು. ಮಣಿಕಟ್ಟಿನ ಒಳಬದಿಗೆ ಒಂದು ನಿಮಿಷ ಇಟ್ಟುಕೊಳ್ಳುತ್ತೇನೆ, ಮಗುವಿನ ಸ್ನಾನದ ನೀರಿನ ಹಾಗೆ ಅನ್ನಿಸಬೇಕು. ಮೇಲೆ ಎರಡು ಪದರ ಟವೆಲ್. ಮುಕ್ಕಾಲು ಗಂಟೆ ಬರುತ್ತದೆ, ಅಷ್ಟರಲ್ಲಿ ಎರಡನೇ ಸಾಕ್ಸ್ ಸಿದ್ಧ. ಥರ್ಮಾಮೀಟರಿನ ತುದಿ ಪ್ರಾಣಿಯ ಪಕ್ಕದಲ್ಲೇ ಇರಬೇಕು. 25ರಿಂದ ಶುರು ಮಾಡಿ ಒಂದು ಗಂಟೆಯಲ್ಲಿ 30ಕ್ಕೆ ಬರುತ್ತೇನೆ. 32 ದಾಟಿದರೆ ಮುಚ್ಚಳ ತೆಗೆಯುತ್ತೇನೆ.

ಅಕ್ಕಿಯ ಬದಲು ಉಪ್ಪು ಹುರಿದೂ ನೋಡಿದೆ. ಬಿಸಿ ಜಾಸ್ತಿ ಹೊತ್ತು ನಿಲ್ಲುತ್ತದೆ, ಆದರೆ ಒಂದೆರಡು ಕಡೆ ಸುಡುವಷ್ಟು ಕಾದಿರುತ್ತದೆ. ನನ್ನ ಕಾಲಿನ ಗಂಟುನೋವಿಗೆ ಒಳ್ಳೆಯದಾಯಿತು. ಹಾಸಿಗೆಗೆ ತೆಂಗಿನ ನಾರು ಹಾಕಿದರೆ ಉಗುರು ಸಿಕ್ಕಿಕೊಳ್ಳುತ್ತದೆ, ಟಿಶ್ಯೂ ಪೇಪರ್ ಹರಿದು ಹಾಕುವುದೇ ಮೇಲು. ಗೆರಟೆ ಮಾತ್ರ ಗೆದ್ದಿತು. ಅರ್ಧ ಗೆರಟೆ ಕವುಚಿ ಹಾಕಿ ಬಾಗಿಲು ಕೊರೆದುಕೊಟ್ಟರೆ ಎದ್ದ ಕೂಡಲೇ ಅದರೊಳಗೆ ನುಗ್ಗುತ್ತವೆ.

ಏಳುವಾಗ ಮುಂದಿನ ಭಾಗ ಮೊದಲು ಏಳುತ್ತದೆ. ಭುಜದ ನಡುವಿನ ಕಂದು ಕೊಬ್ಬು ಉರಿದು ಅಲ್ಲೇ ಮೊದಲು ಬಿಸಿಯಾಗುವುದು. ಮುಂಗಾಲು ಆಡುತ್ತದೆ, ಹಿಂಗಾಲು ಚಿಂದಿಯ ಹಾಗೆ ಎಳೆಯುತ್ತದೆ. ಲಕ್ವಾ ಹೊಡೆಯಿತು ಅಂತ ಒಬ್ಬ ಹುಡುಗ ಅಳುವುದೊಂದು ಬಾಕಿ. ಆಮೇಲೆ ಮೈಯೆಲ್ಲ ಗಡಗಡ ನಡುಗುತ್ತದೆ. ಆ ನಡುಕ ಬಂದರೆ ನನಗೆ ಖುಷಿ, ಅದರದ್ದೇ ಬಾಯ್ಲರ್ ಶುರುವಾಯಿತು ಅಂತ ಲೆಕ್ಕ. ಡ್ವಾರ್ಫ್ ಅನ್ನುವ ಕುಳ್ಳ ಜಾತಿ ಆದರೆ ಗಂಟೆಯೊಳಗೆ ಎದ್ದದ್ದಿದೆ. ಸಿರಿಯನ್ ಅನ್ನುವ ದೊಡ್ಡ ಜಾತಿ ಎರಡು ಮೂರು ಗಂಟೆ ಕಾಯಿಸುತ್ತದೆ. ಹೆಚ್ಚಿನವರು ಕೆಡಿಸುವುದು ಇಲ್ಲೇ, ಅರ್ಧ ಗಂಟೆಗೆ ಏನೂ ಕಾಣದೆ ಹೇರ್ ಡ್ರೈಯರ್ ತೆಗೆಯುತ್ತಾರೆ.

ತಲೆ ಎತ್ತಿ ತಾನಾಗಿ ನೆಕ್ಕುವವರೆಗೆ ಒಂದು ಹನಿಯೂ ಇಲ್ಲ. ನಂತರ ಬೆರಳ ತುದಿಯಲ್ಲಿ ತೆಳು ಓಆರ್‌ಎಸ್ ನೀರು ತುಟಿಗೆ ಮುಟ್ಟಿಸುತ್ತೇನೆ. ನಾನು ಅದಕ್ಕೆ ಇನ್ನೊಂದು ಸೇರಿಸುತ್ತೇನೆ, ಅದು ನನ್ನಲ್ಲೇ ಇರಲಿ. ಓಆರ್‌ಎಸ್ ಒಂದೇ ಇದ್ದರೂ ನಡೆಯುತ್ತದೆ. ಆಮೇಲೆ ನೆನೆಸಿದ ಕಾಳು, ಸೌತೆಕಾಯಿಯ ಚೂರು. ಒಂದು ದಿನ 24ರಿಂದ 26 ಡಿಗ್ರಿಯಲ್ಲಿ, ಹನ್ನೆರಡು ಹದಿಮೂರು ಗಂಟೆ ಲೈಟ್ ಹಾಕಿ ಇಡುತ್ತೇನೆ. ಮೈ ಬೆಚ್ಚಗಾದರೂ ಏಳದಿದ್ದರೆ, ಬಾಲದ ಹತ್ತಿರ ಒದ್ದೆಯಾಗಿದ್ದರೆ ಅದು ಚಳಿನಿದ್ದೆ ಅಲ್ಲ, ಕಾಯಿಲೆ. ಸೀದಾ ಡಾಕ್ಟರ ಹತ್ತಿರ.

ಈವರೆಗೆ ಹನ್ನೊಂದೋ ಹನ್ನೆರಡೋ ಬಂದಿವೆ. ಮೊದಲ ಮೂರರಲ್ಲಿ ಎರಡು ಹೋದವು. ಸಾಕ್ಸ್ ಬಂದ ಮೇಲೆ ಹೋದದ್ದು ಒಂದೇ, ಅದೂ ಮೊದಲೇ ಮುದಿ. ಐನೂರು ರೂಪಾಯಿಯ ಪ್ರಾಣಿಗೆ ಆರೇಳು ಸಾವಿರ ಸುರಿದೆ ಅಂತ ಮನೆಯಲ್ಲಿ ಇನ್ನೂ ಹೇಳುತ್ತಾರೆ. ಹೀಟ್ ಮ್ಯಾಟ್ ಈಗ ದೋಸೆ ಹಿಟ್ಟು ಹುಳಿ ಬರಿಸಲು ಅಮ್ಮನ ಬಳಿ ಇದೆ.

ಜನವರಿಯದ್ದು ಏಳಲು ಮೂರೂಕಾಲು ಗಂಟೆ ಹಿಡಿಯಿತು. ಅದನ್ನು ಸಾಕುವ ಹುಡುಗ ಸಂಜೆ ಬಂದು ಇನ್ನೂರು ಕೊಟ್ಟ, ಎಸಿ ಎಷ್ಟಕ್ಕೆ ಇಡಲಿ ಅಂಕಲ್ ಅಂತ ಕೇಳಿದ. 24 ಅಂದೆ. ಸೆಕೆ ಆಗ್ತದಲ್ಲ ಅಂದ. ಹಾಗಾದರೆ ಪಂಜರವನ್ನು ಅಡುಗೆಮನೆಯಲ್ಲಿಡು ಅಂದೆ. ಅಡುಗೆಮನೆ ಇಲ್ಲವಂತೆ. ಈಗ ಆ ಪ್ರಾಣಿ ನಮ್ಮಲ್ಲೇ ಇದೆ, ವಾರಕ್ಕೊಮ್ಮೆ ಬಂದು ನೋಡಿ ಹೋಗುತ್ತಾನೆ.